ಬಾವಿಯೊಳಗೆ ಗಾಳಿ ಬೀಸುವುದಿಲ್ಲ

ಕೋಯಮತ್ತೂರಿನ ಅಂಚಿನ ತುಡಿಯಲೂರಿನ ಲೋಗನಾಥನ್ ತನ್ನ ಹೆಂಡತಿಯನ್ನು ನೋಡಿಕೊಳ್ಳುವ ರೀತಿಗೆ ಬೀದಿಯಲ್ಲೆಲ್ಲ ಒಳ್ಳೆಯ ಹೆಸರಿತ್ತು. ಹೆಂಡತಿಗೆ ಮಾತ್ರ ಅದರಿಂದ ಸಾಕುಸಾಕಾಗಿ ಹೋಗಿತ್ತು.

ಮನೆಯ ಮುಂಭಾಗದಲ್ಲೇ ಅವನ ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿಕೊಡುವ ಕೆಲಸ. ಸುತ್ತುತ್ತ ಸುತ್ತುತ್ತ ನಡುವೆ ಎದ್ದು ಒಳಗೆ ಬರುತ್ತಿದ್ದ. ಗೋಕಿಲಾ ಅಡುಗೆಮನೆಯಲ್ಲಿದ್ದರೆ ಅಲ್ಲಿ ಇಣುಕುತ್ತಿದ್ದ, ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದರೆ ಅಲ್ಲಿಗೂ ಹತ್ತಿ ಬಂದು, "ಏನಿಲ್ಲ ಅಮ್ಮಿಣಿ, ಸುಮ್ಮಾ ಬಂದೆ" ಎನ್ನುತ್ತಿದ್ದ. ಅಮ್ಮಿಣಿ ಎಂಬುದು ಅವನು ಅವಳನ್ನು ಮುದ್ದಿನಿಂದ ಕರೆಯುವ ಹೆಸರು. ತರಕಾರಿಗೆ ಹೋದರೆ ಚೀಲ ಹಿಡಿಯಲು ಅವನು. ಹಲ್ಲು ಕೀಳಿಸಲು ಹೋದರೆ ಡಾಕ್ಟರ ಕುರ್ಚಿಯ ಪಕ್ಕ ಅವನು. ಒಮ್ಮೆ ಅವಳು ವೆಳ್ಳಕೋಯಿಲಿನ ತವರಿಗೆ ಒಬ್ಬಳೇ ಬಸ್ಸಿನಲ್ಲಿ ಹೋಗುತ್ತೇನೆಂದು ಹಟ ಹಿಡಿದಾಗ, ಆಗಲಿ ಎಂದು ನಗುನಗುತ್ತಲೇ ಬಸ್ಸು ಹತ್ತಿಸಿದ. ಬಸ್ಸು ಪಲ್ಲಡಂನಲ್ಲಿ ನಿಂತಾಗ ಕಿಟಕಿಯ ಕೆಳಗೆ ಎಳನೀರು ಹಿಡಿದುಕೊಂಡು ನಿಂತಿದ್ದ ಮನುಷ್ಯನೂ ಅವನೇ. ಬೈಕಿನಲ್ಲಿ ಬಸ್ಸಿಗಿಂತ ಮುಂಚೆ ಬಂದು ಕಾದಿದ್ದ. ಬಸ್ಸಿನಲ್ಲಿದ್ದ ಹೆಂಗಸರೆಲ್ಲ ಪುಣ್ಯ ಮಾಡಿದ್ದೀಯಮ್ಮ ಎಂದರು. ಗೋಕಿಲಾ ಹೌದೆಂದು ತಲೆಯಾಡಿಸಿ ಎಳನೀರು ಕುಡಿದಳು.

ಇಂಥ ಗಂಡನ ಮೇಲೆ ಯಾರ ಹತ್ತಿರ ದೂರು ಹೇಳುವುದು? ಕುಡಿಯುವವನಲ್ಲ, ಕೈ ಎತ್ತುವವನಲ್ಲ, ಸಾರಿಗೆ ಉಪ್ಪು ಹೆಚ್ಚಾದರೆ ಮಜ್ಜಿಗೆ ಬೆರೆಸಿಕೊಂಡು ಉಣ್ಣುವವನು. ಮದುವೆಯಾದ ಹೊಸತರಲ್ಲಿ ಅವಳು "ಇವತ್ತು ಪೂಜೆಗೆ ಕೋಯಿಲಿಗೆ ನಾನೊಬ್ಬಳೇ ಹೋಗ್ಬರ್ತೀನಿ" ಎಂದು ಒಂದು ಮಾತು ಅಂದಿದ್ದಳು. ಅದಕ್ಕೆ ಅವನು ಊಟ ಬಿಟ್ಟು ಕೂತ. ಅತ್ತೆ ರಾಮಾತಾಳ್ ಮಗನನ್ನು ಮೂಲೆಗೆ ಕರೆದು, ಹುಡುಗಿಗೆ ನೀನೇನು ಮಾಡಿದೆ ಹೇಳು ಎಂದು ವಿಚಾರಣೆ ನಡೆಸಿದಳು. ಆಮೇಲೆ ಗೋಕಿಲಾ ಆ ಮಾತನ್ನು ಎತ್ತಲೇ ಇಲ್ಲ. ಮಗಳು ಈರೋಡಿನ ಹಾಸ್ಟೆಲ್ ಸೇರಿ ಮನೆ ಖಾಲಿಯಾದ ಮೇಲಂತೂ ಲೋಗನಾಥನ್‌ಗೆ ಇಣುಕಲು ಇನ್ನಷ್ಟು ಬಿಡುವು ಸಿಕ್ಕಿತು.

ಮಹಡಿ ಮನೆಗೆ ದಾವಣಗೆರೆಯ ಶ್ರೀಹರ್ಷ ಮತ್ತು ಅವನ ಹೆಂಡತಿ ಭೂಮಿ ಬಾಡಿಗೆಗೆ ಬಂದದ್ದು ರಾಮಾತಾಳ್‌ಳ ಕೃಪೆಯಿಂದ. ಮನೆ ನೋಡಲು ಬಂದವರು ತಮ್ಮತಮ್ಮಲ್ಲಿ ಕನ್ನಡದಲ್ಲಿ ಪಿಸುಗುಟ್ಟಿದ್ದನ್ನು ಕೇಳಿದ್ದೇ ತಡ, ಅವಳು ಬೀಗದ ಕೈ ಕೊಟ್ಟುಬಿಟ್ಟಿದ್ದಳು. ಈ ಮನೆಯವರದು ತಲೆತಲಾಂತರದಿಂದ ಹೊಸಿಲೊಳಗೆ ಕನ್ನಡ, ಹೊಸಿಲಾಚೆ ತಮಿಳು. ಕನ್ನಡದ ಮಾತಿಗೂ ಕೊನೆಯಲ್ಲಿ ಆ ಸೀಮೆಯ ತಮಿಳರ ಹಾಗೆ ಮರ್ಯಾದೆಯ 'ಂಗ' ಸೇರಿಸುವವರು. ಎರಡು ಮನೆಯವರ ಕನ್ನಡಕ್ಕೂ ಅಜಗಜಾಂತರ ಇದ್ದರೂ ಸಂಜೆ ಮೆಟ್ಟಿಲ ಮೇಲೆ ಕೂತು ಹರಟೆ ಹೊಡೆಯಲು ಏನೂ ತೊಂದರೆ ಇರಲಿಲ್ಲ.

ಶ್ರೀಹರ್ಷ ಪಂಪು ತಯಾರಿಸುವ ಕಂಪನಿಯೊಂದರಲ್ಲಿ ಇಂಜಿನಿಯರ್. ರಜೆ ಬಂದರೆ ನೀರಿನ ಮೇಲೆ ಹೋಗುವ ಹುಚ್ಚು. ಲೋಗನಾಥನ್‌ನ ಶೆಡ್ಡಿನಲ್ಲಿ, ಸುಟ್ಟ ಮೋಟರುಗಳ ಪಕ್ಕದಲ್ಲಿ, ಅವನ ಎರಡು ದೋಣಿಗಳು ಮಲಗಿರುತ್ತಿದ್ದವು. ಒಂದು ಕಯಾಕ್. ಸಣಕಲು ಮೈ, ನೀರಿಗೆ ಅಂಟಿಕೊಂಡಂತೆ ತಗ್ಗು, ನಡುವೆ ಒಬ್ಬರು ಕಾಲು ನೀಡಿ ಕೂರುವಷ್ಟು ಕುಳಿ, ಎರಡೂ ತುದಿಗೆ ಅಲಗಿರುವ ಹುಟ್ಟು. ಇನ್ನೊಂದು ಕನೂ. ಅದು ಅಗಲ, ಎತ್ತರದ ಬದಿಗಳು, ಮೇಲೆಲ್ಲ ತೆರೆದದ್ದು, ಮುಂದೊಂದು ಹಿಂದೊಂದು ಕೂರುವ ಹಲಗೆ, ಒಂದೇ ಅಲಗಿನ ಹುಟ್ಟು. ಒಬ್ಬನೇ ಹೋಗುವಾಗ ಅವನು ಕಯಾಕ್ ಒಯ್ಯುತ್ತಿದ್ದ, ಭೂಮಿ ಜೊತೆಗಿದ್ದರೆ ಕನೂ.

ಒಂದು ಭಾನುವಾರ ಅವರು ಗೋಕಿಲಾಳನ್ನೂ ಸಿರುಮುಗೈ ಆಚೆಯ ಭವಾನಿ ಹಿನ್ನೀರಿಗೆ ಕರೆದುಕೊಂಡು ಹೋದರು. ಲೋಗನಾಥನ್ ಹೊರಡಲು ಅಂಗಿ ಹಾಕಿಕೊಂಡೂ ಆಗಿತ್ತು. ಅಷ್ಟರಲ್ಲಿ ಟೊಮೆಟೊ ಗಿಡ ಬಾಡುತ್ತಿದೆಯೆಂದು ಒಬ್ಬ ರೈತ ಬಂದು ತನ್ನ ಮೋಟರಿನ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ. ಹಾಗಾಗಿ ಗೋಕಿಲಾ ಗಂಡನಿಲ್ಲದೆ ಹೋದಳು, ಕಯಾಕಿನಲ್ಲಿ ಕೂತಳು, ಒಬ್ಬಳೇ ನೀರಿನ ನಡುವಿಗೆ ಹೋದಳು. ಬಾವಿಯಲ್ಲಿ ಈಜು ಕಲಿತವಳಿಗೆ ನೀರಿನ ಭಯವಿರಲಿಲ್ಲ. ಅಲ್ಲಿ ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಇದ್ದಳು. ಯಾರೂ ಅವಳನ್ನು ಏನೂ ಕೇಳಲಿಲ್ಲ. ಕಾಫಿ ಬೇಕಾ ಅನ್ನಲಿಲ್ಲ, ಯಾಕೆ ಸಪ್ಪಗಿದೀಯ ಅನ್ನಲಿಲ್ಲ. ಕೊಂಚ ಹೊತ್ತಾದ ಮೇಲೆ ಅವಳಿಗೆ ತನ್ನ ಉಸಿರಿನ ಸದ್ದು ಕೇಳಿಸಿತು. ಮನೆಗೆ ಬಂದು ಮಜ್ಜಿಗೆಗೆ ಒಗ್ಗರಣೆ ಹಾಕುವಾಗಲೂ ಅವಳ ತಲೆಯಲ್ಲಿ ಅದೇ ಇತ್ತು.

ಮುಂದೆ ಶ್ರೀಹರ್ಷನಿಗೆ ಬೆಳಗಾವಿಗೆ ವರ್ಗವಾಯಿತು. ಕಾರಿನ ತಲೆಯ ಮೇಲೆ ಒಂದೇ ದೋಣಿ ಹಿಡಿಯುತ್ತದೆ. "ಗೋಕಿಲಕ್ಕ, ಇನ್ನೊಂದು ನಿಮಗೆ. ಯಾವುದು ಬೇಕೋ ನೀವೇ ಆರಿಸ್ಕೊಳ್ಳಿ. ನಿಮ್ಮಷ್ಟು ಖುಷಿಯಾಗಿ ದೋಣೀಲಿ ಕೂತವರನ್ನ ನಾನು ನೋಡಿಲ್ಲ" ಎಂದ. ಕಯಾಕ್ ಎಂಬ ಮಾತು ಗೋಕಿಲಾಳ ಗಂಟಲಿನವರೆಗೆ ಬಂದಿತ್ತು. ಅಷ್ಟರಲ್ಲಿ ಲೋಗನಾಥನ್ ಕನೂವಿನ ಮುಂದಿನ ಹಲಗೆಯ ಮೇಲೆ ಕೂತು ಅಗಲ ನೋಡುತ್ತಿದ್ದ.

"ಇದೇ ಸರಿ ಅಮ್ಮಿಣಿ. ನಾನು ಇಲ್ಲಿ, ನೀನು ಅಲ್ಲಿ. ನಡುವೆ ಬುತ್ತಿಯ ತೂಕುಪೋಸಿ ಇಟ್ಕೊಂಡ್ರೆ ಮದ್ಯಾನದ ಊಟಾನೂ ಅಲ್ಲೇ ಆಗೋಯ್ತದೆ."

ರಾಮಾತಾಳ್ ಕಯಾಕನ್ನು ಊರುಗೋಲಿನಿಂದ ತಟ್ಟಿ ನೋಡಿ ಮೂಗು ಮುರಿದಳು. "ಇದರಲ್ಲಿ ಒಬ್ಬರಿಗೆ ತಾನೆ ಜಾಗ? ತುಣೆಗೆ ಅಂತ ಜೊತೇಲಿ ಇನ್ನೊಬ್ರು ಎಲ್ಲಿ ಕೂರೋದು? ಒಂಟಿ ಹೆಂಗಸು ನೀರಿನ ನಡುವೆ ಹೋಗಿ ಏನು ಮಾಡ್ತಾಳೆ?"

ಏನೂ ಮಾಡುವುದಿಲ್ಲ, ಅದಕ್ಕೇ ಹೋಗುವುದು ಎಂದು ಹೇಳಲು ಗೋಕಿಲಾಳಿಗೆ ಬಾಯಿ ಬರಲಿಲ್ಲ. ಮುಂದಿನ ಹಲಗೆಯ ಮೇಲೆ ಕೂತ ಗಂಡನ ಮುಖ ಅಷ್ಟು ಅರಳಿತ್ತು. ಎರಡನ್ನೂ ನೀರಿಗೆ ಬಿಟ್ಟು ನೋಡಿ ಆಮೇಲೆ ತೀರ್ಮಾನ ಮಾಡೋಣ ಎಂದಳು. ನೀರಿಗಿಳಿದರೆ ಕಯಾಕೇ ಗೆಲ್ಲುತ್ತದೆ, ತಾನು ಬಾಯಿ ಬಿಡುವ ಕಷ್ಟ ತಪ್ಪುತ್ತದೆ ಎಂಬುದು ಅವಳ ಲೆಕ್ಕಾಚಾರ.

ಪರೀಕ್ಷೆಯ ಮಾತು ಎತ್ತಿದ್ದೇ ಲೋಗನಾಥನ್ ಕಸುಬಿನವನಾಗಿಬಿಟ್ಟ. ಅವನ ಕಸುಬಿನಲ್ಲಿ ಪರೀಕ್ಷೆ ಎಂದರೆ ಬಾವಿ. ಮೋಟರು ಅಂಗಡಿಯ ಮೇಜಿನ ಮೇಲೆ ಎಷ್ಟು ಚೆನ್ನಾಗಿ ತಿರುಗಿದರೂ ಅವನು ನಂಬುವವನಲ್ಲ, ಬಾವಿಗಿಳಿಸಿ ನೀರು ಎತ್ತಿಸಿದ ಮೇಲೆಯೇ ಸೈ ಎನ್ನುತ್ತಿದ್ದದ್ದು. ಗೋಕಿಲಾಳ ತವರಿನ ಹೊಲದಲ್ಲಿ ಬಂಡೆ ಕೊರೆದ ಚೌಕದ ಬಾವಿಯಿತ್ತು, ಲಾರಿ ತಿರುಗಿಸುವಷ್ಟು ಅಗಲ. ಕಾಲುವೆ ನೀರು ಬಿಟ್ಟಿದ್ದರಿಂದ ಆ ಸಲ ಅರ್ಧಕ್ಕೂ ಮೇಲೆ ತುಂಬಿತ್ತು.

"ಬಾವಿಯೊಳಗಾ ಅಣ್ಣ?" ಎಂದು ಶ್ರೀಹರ್ಷ ಕಣ್ಣರಳಿಸಿದ. "ಅಲ್ಲಿ ಏನು ಗೊತ್ತಾಗುತ್ತೆ?"

"ಎಲ್ಲಾ ಗೊತ್ತಾಗ್ತದೆ ತಂಬಿ. ನೀನು ಸುಮ್ನೆ ಬಾ."

ಹಾಗೆ ಎರಡು ದೋಣಿಗಳೂ ಮಿನಿ ಲಾರಿಯಲ್ಲಿ ವೆಳ್ಳಕೋಯಿಲಿಗೆ ಹೋದವು. ಬಾವಿಯ ಬಾಯಿಗೆ ಮೂರು ಕಾಲಿನ ಕಬ್ಬಿಣದ ಕಂಬ ನಿಲ್ಲಿಸಿ, ಚೈನ್ ಪುಲ್ಲಿ ಕಟ್ಟಿ, ಮೋಟರು ಇಳಿಸುವ ಹಾಗೆಯೇ ಹಗ್ಗ ಬಿಗಿದು ದೋಣಿ ಇಳಿಸಿದರು. ಗೋಕಿಲಾಳ ಅಣ್ಣ ಸೆಂದಿಲ್ ಸರಪಳಿ ಎಳೆದ, ಲೋಗನಾಥನ್ ಮೆದುವಾ, ಮೆದುವಾ ಎಂದು ಕೂಗುತ್ತ ಸುತ್ತ ಓಡಾಡಿದ. ಸುದ್ದಿ ತಿಳಿದು ಅಕ್ಕಪಕ್ಕದ ತೋಟದವರೂ ಬಂದು ಬಾವಿಯ ಸುತ್ತ ನಿಂತರು. ರಾಮಾತಾಳ್‌ಗೆ ಹಗ್ಗದ ಮಂಚ ಹಾಕಿ ಕೂರಿಸಿದ್ದರು. ಹೆಣ್ಣು ನೋಡಲು ಬಂದವರ ಗತ್ತಿನಲ್ಲಿ ಅವಳು ಎಲೆ ಅಡಿಕೆ ಹಾಕಿಕೊಂಡು ಕೆಳಗೆ ನೋಡುತ್ತಿದ್ದಳು.

ಗೋಕಿಲಾ ಕಲ್ಲಿನ ಮೆಟ್ಟಿಲಿಳಿದು ಮೊದಲು ಕಯಾಕಿನ ಹತ್ತಿರ ಹೋದಳು. ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತದ್ದು ಇದೇ ಬಾವಿಯಲ್ಲಿ. ಆ ಸಲಿಗೆಯಿಂದಲೇ ಎಡವಟ್ಟಾಯಿತು. ಪಾಚಿ ಹಿಡಿದ ಮೆಟ್ಟಿಲ ಮೇಲೆ ಒಂದು ಕಾಲು, ಕಯಾಕಿನಲ್ಲಿ ಒಂದು ಕಾಲು ಇಟ್ಟು ಮೇಲೆ ನಿಂತವರ ಕಡೆ ನೋಡಿ ನಕ್ಕಳು. ಕಯಾಕ್ ಪಕ್ಕಕ್ಕೆ ಜಾರಿತು. ದಡಾರನೆ ನೀರಿಗೆ ಬಿದ್ದಳು, ಮುಳುಗಿದಳು, ಎದ್ದು ಬಂದು ಮುಖ ಒರೆಸಿಕೊಂಡು ನಗತೊಡಗಿದಳು. ನೀರು ತಂಪಾಗಿತ್ತು, ಅವಳಿಗೆ ನಿಜಕ್ಕೂ ಸಂತೋಷವಾಗಿತ್ತು. ಆದರೆ ಮೇಲೆ ಹೆಂಗಸರು ಕೂಗಿಕೊಂಡ ಸದ್ದು ಬಾವಿಯ ನಾಲ್ಕು ಗೋಡೆಗೂ ಬಡಿದು ಬಂದಾಗ, ಯಾರೋ ಸತ್ತೇಹೋದರೇನೋ ಎನ್ನುವ ಹಾಗಿತ್ತು.

ತಲೆ ಎತ್ತಿ ನೋಡಿದರೆ ಲೋಗನಾಥನ್ ಕಟ್ಟಕಡೆಯ ಮೆಟ್ಟಿಲಿನಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ. ಈಜು ಬರದ ಮನುಷ್ಯ. ಊರಿನ ಪೇಟೆಯಲ್ಲಿ ಬೆಳೆದವನು, ಜೀವಮಾನದಲ್ಲಿ ಬಾವಿಗೆ ಮೋಟರು ಇಳಿಸಿದ್ದಾನೆಯೇ ಹೊರತು ತಾನು ಇಳಿದಿಲ್ಲ. ಅಷ್ಟು ಮೆಟ್ಟಿಲನ್ನು ಹೇಗೆ ಇಳಿದನೋ ಅವನಿಗೇ ಗೊತ್ತಿರಲಿಲ್ಲ. ಮುಖದಲ್ಲಿ ರಕ್ತವಿರಲಿಲ್ಲ, ಚಾಚಿದ ಕೈ ಗಡಗಡ ನಡುಗುತ್ತಿತ್ತು.

"ಹಿಡ್ಕೋ ಅಮ್ಮಿಣಿ" ಎಂದ. ಅವಳು ಆಗಲೇ ನೀರೊಳಗಿನ ಬಂಡೆಯ ಮೇಲೆ ಕಾಲೂರಿ ನಿಂತಿದ್ದಳು.

ಅವಳ ನಗು ಅಲ್ಲೇ ನಿಂತಿತು. ಆ ಕೈ ಹಿಡಿದು ಮೇಲೆ ಬಂದಳು. ಆಮೇಲೆ ಕನೂವಿನಲ್ಲಿ ಕೂತು ಬಾವಿಯೊಳಗೆ ಒಂದು ಸುತ್ತು ಹಾಕಿದಳು. ಅದು ನೆಲದ ಮೇಲೆ ಕೂತಷ್ಟು ಗಟ್ಟಿಯಾಗಿತ್ತು. ನೀರು ಅಲುಗಲಿಲ್ಲ, ಎಲೆ ಅಲುಗಲಿಲ್ಲ, ಹೇಳಿದ ಕಡೆಗೆ ಹೋಯಿತು. ಬಾವಿಯ ಸುತ್ತ ನಿಂತ ಎಲ್ಲರೂ ಇದೇ ಇದೇ ಎಂದರು. ಸೆಂದಿಲ್ ಅಂದ, ತೋಟದವರು ಅಂದರು, ರಾಮಾತಾಳ್ ಮಂಚದಿಂದಲೇ ಕೈ ಎತ್ತಿ ಅಪ್ಪಣೆ ಕೊಟ್ಟಳು. ಶ್ರೀಹರ್ಷ ಒಬ್ಬ, "ಹಿನ್ನೀರಲ್ಲಿ ಬೇರೆ ಥರ ಇರುತ್ತೆ ಅಕ್ಕ" ಎಂದ. ಅವನ ಮಾತು ಯಾರ ಕಿವಿಗೂ ಬೀಳಲಿಲ್ಲ.

"ನೀನೇ ಹೇಳು ಅಮ್ಮಿಣಿ, ಯಾವ್ದು?" ಎಂದು ಲೋಗನಾಥನ್ ಕೇಳಿದ. ಕೈ ಇನ್ನೂ ನಡುಗುತ್ತಲೇ ಇತ್ತು.

"ದೊಡ್ಡದೇ ಇರ್ಲೀಂಗ" ಎಂದಳು ಗೋಕಿಲಾ. ಅವನ ಕೈ ನೋಡಿ ಬೇರೆ ಉತ್ತರ ಕೊಡಲು ಅವಳಿಂದಾಗಲಿಲ್ಲ.

ಆಡಿ ತಿಂಗಳು, ಅಂದರೆ ಆಷಾಢ, ಹುಟ್ಟಿದರೆ ಹೊಸದೇನನ್ನೂ ಶುರು ಮಾಡುವ ಹಾಗಿಲ್ಲವೆಂದು ರಾಮಾತಾಳ್ ಅವಸರ ಮಾಡಿ ಕನೂಗೆ ಪೂಜೆ ಮಾಡಿಸಿದಳು. ಹೊಸ ಲಾರಿಗೆ ಮಾಡುವುದೆಲ್ಲ ಅದಕ್ಕೂ ಆಯಿತು. ಗಂಧ, ಕುಂಕುಮ, ಮೂತಿಗೆ ಹೂವಿನ ಹಾರ, ತೆಂಗಿನಕಾಯಿ. ಪೂಜೆಯಾದ ಮೇಲೆ ಅದು ಮನೆಯದು, ಹಿಂದಕ್ಕೆ ಕೊಡುವ ಮಾತೇ ಇಲ್ಲ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಬೆಳಗಾವಿಗೆ ಹೊರಡುವ ಮುಂಚೆ ಒಂದು ದಿನ ಹಿನ್ನೀರಿಗೆ ಬಂದು ನಿಮಗೆ ಸರಿಯಾಗಿ ಹೇಳಿಕೊಟ್ಟು ಹೋಗುತ್ತೇನೆ ಎಂದು ಶ್ರೀಹರ್ಷ ಮಾತು ಕೊಟ್ಟಿದ್ದ. ಬಿಡುವು ಸಿಕ್ಕಿದ್ದು ಆಡಿಯಲ್ಲೇ. ಭೂಮಿ ಆಗಲೇ ತವರಿಗೆ ಹೋಗಿಯಾಗಿತ್ತು. ಮೂವರೇ ಹೊರಟರು, ದೊಡ್ಡದು ಲಾರಿಯಲ್ಲಿ, ಸಣ್ಣದು ಕಾರಿನ ತಲೆಯ ಮೇಲೆ.

ಆಡಿ ತಿಂಗಳಲ್ಲಿ ಕೋಯಮತ್ತೂರು ಸೀಮೆಯಲ್ಲಿ ಗಾಳಿ ಬೀಸುತ್ತದೆಂದು ಹಾಲು ಕುಡಿಯುವ ಮಗುವಿಗೂ ಗೊತ್ತು. ಪಾಲಕ್ಕಾಡಿನ ಕಣಿವೆಯಲ್ಲಿ ನುಗ್ಗಿ ಬರುವ ಆ ಗಾಳಿ ಒಣಹಾಕಿದ ಸೀರೆಯನ್ನು ಪಕ್ಕದ ಬೀದಿಗೆ ಒಯ್ದು ಹಾಕುತ್ತದೆ. ಆದರೆ ನೆಲಕ್ಕಿಂತ ಅಷ್ಟು ಕೆಳಗೆ, ಬಂಡೆಯ ನಾಲ್ಕು ಗೋಡೆಯ ನಡುವೆ ದೋಣಿಯ ಪರೀಕ್ಷೆ ನಡೆಸಿದ ಬುದ್ಧಿವಂತರಿಗೆ ಅದು ಆವತ್ತು ನೆನಪಿಗೇ ಬಂದಿರಲಿಲ್ಲ.

ಹಿನ್ನೀರಿನ ದಡದಲ್ಲಿ ಕಾರಿನ ಬಾಗಿಲು ತೆರೆದರೆ ಅದು ಕೈಯಿಂದ ಕಿತ್ತುಕೊಂಡು ಹೋಯಿತು. ಗಾಳಿ ದಡದಿಂದ ನೀರಿನ ಕಡೆಗೆ ಬೀಸುತ್ತಿತ್ತು. ಮೊದಲು ಇಬ್ಬರೂ ಕನೂವಿನಲ್ಲಿ ಕೂತರು. ಲೋಗನಾಥನ್ ತೇಲುಜಾಕೆಟ್ಟಿನ ಪಟ್ಟಿಗಳನ್ನು ಉಸಿರು ಕಟ್ಟುವಷ್ಟು ಬಿಗಿದುಕೊಂಡು, ಮುಂದಿನ ಹಲಗೆಯಲ್ಲಿ ಎರಡೂ ಬದಿ ಹಿಡಿದು ಕೂತಿದ್ದ. ಹೆದರಿಕೆಗೆ ಅವನು ಮಾತನ್ನು ಮದ್ದು ಮಾಡಿಕೊಂಡವನು. ಅಲೆ ಬಂತು ನೋಡು, ಎಡಗಡೆ ಕೊಂಬೆ ಇದೆ ನೋಡು, ತಲೆಗೆ ಬಟ್ಟೆ ಕಟ್ಕೋಬಾರ್ದಾ, ಕೈ ನೋಯ್ತಾ ಇದೆಯಾ. ಗೋಕಿಲಾ ಹಿಂದೆ ಕೂತು ಹುಟ್ಟು ಹಾಕುತ್ತ ಇಲ್ಲಂಗ, ಸರೀಂಗ, ಕಂಡೇಂಗ ಎನ್ನುತ್ತಿದ್ದಳು. ಅಡುಗೆಮನೆಯೇ ನೀರಿನ ಮೇಲೆ ತೇಲಿ ಬಂದ ಹಾಗಿತ್ತು.

ಸ್ವಲ್ಪ ದೂರದಲ್ಲೇ ಅವನಿಗೆ ತಲೆ ಸುತ್ತಿ ಬಂತು. ದಡಕ್ಕೆ ತಂದು ಇಳಿಸಿ, ಗೋಕಿಲಾ ಅದೇ ಕನೂವಿನಲ್ಲಿ ಒಬ್ಬಳೇ ಹೊರಟಳು. ಮನಸ್ಸಿನಲ್ಲಿ ಕೊಂಚ ಸಂತೋಷ ತಲೆ ಎತ್ತಿತ್ತು. ಆದರೆ ಅವಳೊಬ್ಬಳೇ ಹಿಂದೆ ಕೂತದ್ದೇ ಕನೂವಿನ ಮೂತಿ ನೀರಿನಿಂದ ಮೇಲೆದ್ದಿತು. ಗಾಳಿ ಆ ಮೂತಿಯನ್ನು ಹಿಡಿದು ತಿರುಗಿಸಿತು. ಎಡಕ್ಕೆ ಹುಟ್ಟು ಹಾಕಿದರೂ ತಿರುಗಿತು, ಬಲಕ್ಕೆ ಹಾಕಿದರೂ ತಿರುಗಿತು. ಅವಳು ದಡ ನೋಡಿದಳು, ನೀರು ನೋಡಿದಳು, ಮತ್ತೆ ದಡ ನೋಡಿದಳು. ತಿರುಗುತ್ತ ತಿರುಗುತ್ತ ದೂರ ಹೋಗತೊಡಗಿದಾಗ ಶ್ರೀಹರ್ಷ ಕಯಾಕಿನಲ್ಲಿ ಬಂದು ಹಗ್ಗ ಕಟ್ಟಿ ಎಳೆದುಕೊಂಡು ಬಂದ.

"ಒಬ್ಬರೇ ಹಿಂದೆ ಕೂತರೆ ಹೀಗೇ ಆಗೋದು" ಎಂದು ಅವನು ದಡದಲ್ಲಿ ವಿವರಿಸಿದ. "ಬದಿ ಎತ್ತರ ನೋಡಿ, ಗಾಳಿಗೆ ಹಿಡಿ ಸಿಕ್ಕಿದ ಹಾಗೆ. ಮುಂದೆ ಒಂದಿಷ್ಟು ಭಾರ ಇರಲೇಬೇಕು. ಅಣ್ಣ ಕೂತಿದ್ದಾಗ ಎಷ್ಟು ನೆಟ್ಟಗೆ ಹೋಯ್ತು ನೋಡಿದ್ರಲ್ಲ."

ಲೋಗನಾಥನ್‌ನ ತಲೆಸುತ್ತು ಎಲ್ಲಿ ಹೋಯಿತೋ. "ಕೇಳ್ದಾ ಅಮ್ಮಿಣಿ? ನಾನಿಲ್ದೆ ಅದು ಹೋಗೋದೇ ಇಲ್ಲ" ಎಂದ. ಜಗತ್ತಿನ ಬಹುಮಾನವೆಲ್ಲ ಕೈಗೆ ಬಂದವನ ಮುಖ.

"ನಿಮ್ಮ ಬದ್ಲು ಒಂದು ಕಲ್ಲು ಇಟ್ರೂ ಹೋಗ್ತದೆ" ಎಂದುಬಿಟ್ಟಳು ಗೋಕಿಲಾ.

ಆಡಿದ ಮೇಲೆ ಅವಳಿಗೇ ಗಾಬರಿಯಾಯಿತು. ಶ್ರೀಹರ್ಷ ಹಗ್ಗ ಸುತ್ತುವ ನೆವದಲ್ಲಿ ಕಾರಿನ ಕಡೆ ಹೋದ. ಲೋಗನಾಥನ್ ತೂಕುಪೋಸಿಯ ಡಬ್ಬಿಗಳನ್ನು ಒಂದೊಂದಾಗಿ ಬಿಚ್ಚಿ, ಎಲೆ ಹಾಸಿ, ಹುಣಸೆ ಅನ್ನ ಬಡಿಸಿ ಅವಳ ಮುಂದಿಟ್ಟ. ಗಾಳಿಗೆ ಎಲೆ ಹಾರದಂತೆ ಅಂಚಿನ ಮೇಲೆ ಬೆರಳಿಟ್ಟು ಹಿಡಿದುಕೊಂಡಿದ್ದ.

"ನಾನಂದ್ರೆ ಬ್ಯಾಸ್ರನಾ?" ಎಂದು ಕೊನೆಗೆ ಕೇಳಿದ.

"ಇಲ್ಲಂಗ. ಬ್ಯಾಸ್ರ ಆಗಿದ್ರೆ ಹೇಳೋದು ಸುಲಬ ಆಗಿರೋದು."

"ಅಪ್ಪುರಂ? ಮತ್ತೇನು?"

ಗೋಕಿಲಾ ಅನ್ನ ಕಲಸುತ್ತ ಕೂತಳು. ಇಷ್ಟು ವರ್ಷ ಹೇಳದೆ ಇದ್ದದ್ದನ್ನು ಎಲ್ಲಿಂದ ಹಿಡಿದು ಎಳೆಯುವುದೆಂದು ತಿಳಿಯಲಿಲ್ಲ. "ಚಿಕ್ಕವಳಿದ್ದಾಗ ಅಪ್ಪ ನೋಡ್ತಿದ್ರು, ಅಣ್ಣ ನೋಡ್ತಿದ್ದ. ಆಮೇಲೆ ಅತ್ತೆ, ನೀವು. ನೀವು ನೋಡೋದು ಅಕ್ಕರೆಯಿಂದ ತಾನೆ, ಅದು ನಂಗೆ ತೆರಿಯದಾ? ಆದ್ರೂ ಯಾವಾಗ್ಲೂ ಒಬ್ರು ನೋಡ್ತಾನೇ ಇದ್ರೆ, ಅವ್ರಿಗೆ ತಕ್ಕಂಗೆ ಮೊಕ ಇಟ್ಕೋಬೇಕಂಗ. ನಾನು ಸುಮ್ಮನಿದ್ರೆ ನಿಮಗೆ ಕವಲೆ, ಏನಾಯ್ತೋ ಅಂತ. ಅದಕ್ಕೆ ನಗ್ತೀನಿ. ಯಾರೂ ನೋಡದ ಕಡೆ ಚೂರು ಹೊತ್ತು ಇದ್ದು ಬರ್ಬೇಕು ಅಂತ ಆಸೆ. ಬಂದ್ಬಿಡ್ತೀನಿ. ಹೋಗೋದು ಬರಾಕೇ ತಾನೆ."

ಅವನು ಎಲೆಯನ್ನೇ ನೋಡುತ್ತಿದ್ದ. ಅವನ ಕಣ್ಣು ತುಂಬಿದ್ದು ಅವಳಿಗೆ ಕಂಡಿತು. ಹೇಳಬಾರದಿತ್ತು ಅನ್ನಿಸಿತು, ಹೇಳಿ ಹಗುರಾಯಿತು ಅಂತಲೂ ಅನ್ನಿಸಿತು. ಎರಡೂ ನಿಜವೇ.

"ಸಣ್ಣದೇ ಬೇಕಿತ್ತಾ ನಿಂಗೆ? ಬಾವಿಯಲ್ಲಿ ಹೇಳ್ಬಾರ್ದಾಗಿತ್ತಾ?"

"ಬಾವಿಯಲ್ಲಿ ನಿಮ್ಮ ಕೈ ನಡುಗ್ತಾ ಇತ್ತಂಗ."

ಲೋಗನಾಥನ್ ತನ್ನ ಕೈಯನ್ನು ಬೇರೆ ಯಾರದೋ ಎಂಬಂತೆ ತಿರುಗಿಸಿ ನೋಡಿಕೊಂಡ. ಆಮೇಲೆ ಎಲೆ ಮಡಿಚಿ ಎದ್ದು, "ತಂಬಿ, ಆ ಸಣ್ಣದನ್ನ ನೀರಿಗೆ ತಳ್ಳೋಣ ಬಾ" ಎಂದು ಕೂಗಿದ.

"ದೊಡ್ಡದಕ್ಕೆ ಪೂಜೆ ಆಗಿದೆ. ಅತ್ತೆ ಏನಂತಾರೋ."

"ಅಮ್ಮನ ಪಾಡು ನಂದು, ನಾನು ಹೇಳ್ತೀನಿ" ಎಂದ. ಅವಳ ಜಾಕೆಟ್ಟಿನ ಪಟ್ಟಿಗಳನ್ನು ಎಳೆದು ನೋಡಿದ, ಮತ್ತೊಮ್ಮೆ ಎಳೆದ, ಮೂರನೆಯ ಸಲ ಕೈ ಹೋದದ್ದನ್ನು ಹಿಂದಕ್ಕೆ ತೆಗೆದುಕೊಂಡ. ಕಯಾಕಿನ ಬೆನ್ನು ಹಿಡಿದು ನಿಂತ. ಈ ಸಲ ಅವಳು ಮರಳಿನ ಮೇಲೆ ಸರಿಯಾಗಿ ಕೂತ ಮೇಲೆಯೇ ಇಬ್ಬರೂ ನೂಕಿದರು.

ಕಯಾಕ್ ಗಾಳಿಗೆ ತಲೆ ಬಾಗಿಸಿಕೊಂಡು ಹೋಯಿತು. ಅಷ್ಟು ತಗ್ಗಿನಲ್ಲಿ ಗಾಳಿಗೆ ಹಿಡಿಯಲು ಏನೂ ಇರಲಿಲ್ಲ. ಅಲೆ ಮಡಿಲಿಗೆ ಹಾರಿತು, ಹುಟ್ಟಿನಿಂದ ತೋಳಿನುದ್ದಕ್ಕೂ ನೀರು ಇಳಿಯಿತು, ಸೀರೆ ಬಿಟ್ಟು ಚೂಡಿದಾರ ಹಾಕಿಕೊಂಡು ಬಂದದ್ದು ಎಷ್ಟು ಒಳ್ಳೆಯದಾಯಿತು ಅಂದುಕೊಂಡಳು. ನೆಟ್ಟಗೆ ಹೋದಳು. ನೀರಿನೊಳಕ್ಕೆ ಚಾಚಿದ್ದ ದಿಬ್ಬದ ಪಕ್ಕದಲ್ಲಿ ಒಂದು ಒಣಮರ ನಿಂತಿತ್ತು. ದಿಬ್ಬದ ಮರೆಗೆ ಬಂದಾಗ ಗಾಳಿಯ ಸದ್ದಡಗಿತು.

ಅಲ್ಲಿ ಅವಳು ಹುಟ್ಟನ್ನು ಅಡ್ಡವಿಟ್ಟು ಕೂತಳು. ಮರದ ಮೇಲೆ ನೀರುಕಾಗೆಯೊಂದು ರೆಕ್ಕೆ ಹರಡಿಕೊಂಡು ಒಣಗಿಸುತ್ತಿತ್ತು. ಗೋಕಿಲಾಳಿಗೆ ಯಾವುದೋ ಹಳೆಯ ಸಂಗತಿ ನೆನಪಾಗಿ ನಗು ಬಂತು. ಯಾಕೆ ನಗ್ತೀಯ ಎಂದು ಯಾರೂ ಕೇಳಲಿಲ್ಲ. ಆಮೇಲೆ ಸುಮ್ಮನೆ ಸ್ವಲ್ಪ ಅತ್ತಳು. ಅದಕ್ಕೂ ಯಾರೂ ಏನೂ ಅನ್ನಲಿಲ್ಲ. ಮುಖ ಹೇಗಿದೆಯೋ ಹಾಗೆ ಬಿಟ್ಟುಕೊಂಡು ಕೂತಳು, ಅದು ಎಷ್ಟು ಹಿತವಾಗಿತ್ತೆಂದರೆ, ಇದನ್ನು ಕೇಳಿ ಪಡೆಯಲು ಇಷ್ಟು ವರ್ಷ ತಗೊಂಡೆನಲ್ಲ ಎಂದು ತನ್ನ ಮೇಲೆಯೇ ಕೋಪ ಬಂತು.

ಸಾಕೆನ್ನಿಸಿದ ಮೇಲೆ ಕಯಾಕನ್ನು ತಿರುಗಿಸಿ ಮರೆಯಿಂದ ಹೊರಗೆ ಬಂದಳು. ದಡ ಕಂಡಿತು. ಶ್ರೀಹರ್ಷ ಇನ್ನೊಂದು ದೋಣಿಯ ಪಕ್ಕದಲ್ಲಿ, ಬೇಕೆಂದರೆ ಹೊರಡಲು ತಯಾರಾಗಿ, ಅವಳ ಕಡೆ ಕಣ್ಣಿಟ್ಟು ನಿಂತಿದ್ದ. ಲೋಗನಾಥನ್ ಒಂದು ಕಲ್ಲಿನ ಮೇಲೆ ಕೂತಿದ್ದ. ಅವನ ಮುಖ ಕಾಣಲಿಲ್ಲ. ಅವನು ನೀರಿಗೆ ಬೆನ್ನು ಹಾಕಿ, ಬರಿಯ ಜಾಲಿಗಿಡಗಳೂ ಮಣ್ಣಿನ ರಸ್ತೆಯೂ ಇದ್ದ ಕಡೆಗೆ ನೋಡುತ್ತ ಕೂತಿದ್ದ. ಅಂಗಿಯ ಬೆನ್ನು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು.

ಕೋಪ ಮಾಡಿಕೊಂಡನೇ ಎಂದುಕೊಂಡಳು. ಜೋರಾಗಿ ಹುಟ್ಟು ಹಾಕಿದಳು. ಗಾಳಿ ಎದುರಿನಿಂದ ಬರುತ್ತಿದ್ದುದರಿಂದ ಹತ್ತಿರವಾಗುತ್ತಿದ್ದಂತೆ ದಡದ ಮಾತು ತೇಲಿಕೊಂಡು ಬಂತು.

"ಈಗ ಎಲ್ಲಿದಾಳೆ ತಂಬಿ?"

"ಮರ ದಾಟಿ ಈಚೆ ಬರ್ತಾ ಇದಾರೆ ಅಣ್ಣ."

"ನೆಟ್ಟಗೆ ಕೂತಿದಾಳಾ?"

"ಕೂತಿದಾರೆ."

"ಈಗ?"

"ನೀವೇ ಒಂದ್ಸಲ ತಿರುಗಿ ನೋಡಬಾರದಾ ಅಣ್ಣ?"

"ಯಾರೂ ನೋಡ್ಬಾರ್ದು ಅಂದ್ಲಲ್ಲ. ನಾನು ನೋಡಲ್ಲ. ನೀನು ಹೇಳು, ಅದು ಪೋದುಂ, ಸಾಕು."

ಗೋಕಿಲಾ ಹುಟ್ಟನ್ನು ನೀರಿನಿಂದ ಎತ್ತಿದಳು. ಕಯಾಕ್ ತನ್ನ ಪಾಡಿಗೆ ತಾನು ಸದ್ದಿಲ್ಲದೆ ಜಾರಿಕೊಂಡು ದಡದ ತೆಳುನೀರಿಗೆ ಬಂದು ನಿಂತಿತು. ಶ್ರೀಹರ್ಷ ಬಾಯಿ ತೆರೆದ. ಅವಳು ಬೇಡವೆಂದು ತಲೆಯಾಡಿಸಿದಳು. ಲೋಗನಾಥನ್ ಎರಡೂ ಕೈಯಲ್ಲಿ ತನ್ನ ಮೊಣಕಾಲುಗಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ, ಹಿಡಿತ ಬಿಟ್ಟರೆ ಅವು ತಾವಾಗಿಯೇ ತಿರುಗಿಬಿಡುತ್ತವೆ ಎಂಬಂತೆ. ಬಗ್ಗಿದ ಕತ್ತಿನ ಹಿಂದೆ ಬೆವರಿತ್ತು. ತಾರಸಿಗೆ ಹತ್ತಿದರೂ ಹಿಂದೆ ಬರುತ್ತಿದ್ದ ಮನುಷ್ಯ, ಅವಳು ನೀರಿನ ಮೇಲಿದ್ದಷ್ಟೂ ಹೊತ್ತು ಜಾಲಿಗಿಡ ನೋಡುತ್ತ ಕೂತಿದ್ದ. ಅವಳಿಗೆ ಗಂಡನ ಮೇಲೆ ಪ್ರೀತಿ ಉಕ್ಕಿ ಬಂತು. ಪಲ್ಲಡಂನ ಎಳನೀರಿಗೂ ಬಾರದಷ್ಟು, ಯಾವ ಹಬ್ಬದ ಸೀರೆಗೂ ಬಾರದಷ್ಟು ಬಂತು.

"ಬಂದೆನುಂಗ" ಎಂದಳು.

ಅವನ ಭುಜಗಳು ಇಳಿದವು. ಆದರೂ ತಿರುಗಲಿಲ್ಲ.

"ತಿರುಗ್ಲಾ?" ಎಂದು ಕೇಳಿದ.

ತಿರುಗುಂಗ ಎನ್ನುವ ಮಾತು ಅವಳ ನಾಲಿಗೆಯ ತುದಿಯಲ್ಲಿತ್ತು. ಹಾಗೆಂದಿದ್ದರೆ ಅವನು ಓಡಿಬಂದು ಕೈ ಹಿಡಿದು ಇಳಿಸಿಕೊಳ್ಳುತ್ತಿದ್ದ, ತಲೆ ಒರೆಸುತ್ತಿದ್ದ, ಕಾಫಿ ಬಗ್ಗಿಸಿ ಕೊಡುತ್ತಿದ್ದ. ಅದೆಲ್ಲ ಅವಳಿಗೂ ಬೇಕಿತ್ತು. ಆದರೆ ಹಿಂದೆ ನೀರು ಇನ್ನೂ ಹಾಗೆಯೇ ಬಿದ್ದಿತ್ತು.

"ಇನ್ನೊಂದು ಸುತ್ತು ಹೋಗಿ ಬರ್ತೀನುಂಗ. ಆಮೇಲೆ ತಿರುಗುಂಗ."

ಲೋಗನಾಥನ್ ಉದ್ದಕ್ಕೆ ಉಸಿರು ಬಿಟ್ಟು ಮೊಣಕಾಲನ್ನು ಮತ್ತೆ ಹಿಡಿದುಕೊಂಡ. "ಮೆದುವಾ ಹೋಗ್ಬಾ ನನ್ ಕಣ್ಣು" ಎಂದು ಜಾಲಿಗಿಡಗಳಿಗೆ ಹೇಳಿದ. ಆಮೇಲೆ ದನಿ ತಗ್ಗಿಸಿ ಶ್ರೀಹರ್ಷನಿಗೆ, "ನೀನು ನೋಡ್ತಾ ಇರು ತಂಬಿ. ರೊಂಬ ನೋಡ್ಬ್ಯಾಡ" ಎಂದ.

ಗೋಕಿಲಾ ಹುಟ್ಟಿನ ಅಲಗನ್ನು ಮರಳಿಗೆ ಊರಿ, ದಡವನ್ನು ನೂಕಿ ಹೊರಟಳು.